ಹತ್ತು ಸುತ್ತಿನ ಪರೀಕ್ಷೆ

ಜಗದೇವಿಯ ಪ್ರಯೋಗಾಲಯದಲ್ಲಿ ಜೆಲ್ಲಿಯಿಂದ ಮಾಡಿದ ಒಂದು ಕೈ ಇತ್ತು. ಮೊಣಕೈಯಿಂದ ಬೆರಳುಗಳ ಬುಡದವರೆಗಿನ, ಬೂದು ಬಣ್ಣದ ಕೈ. ಒಳಗೆ ಬಿಸಿನೀರಿನ ಸಣ್ಣ ಕೊಳವೆಗಳು. ಕಂಪ್ಯೂಟರಿನಲ್ಲಿ ಒಂದು ಅಂಕಿ ಒತ್ತಿದರೆ ಕೈಗೆ ಜ್ವರ ಬರುತ್ತಿತ್ತು, ಇನ್ನೊಂದು ಒತ್ತಿದರೆ ಇಳಿಯುತ್ತಿತ್ತು.

ಕಲಬುರಗಿಯ ಹೊರವರ್ತುಲ ರಸ್ತೆಯ ಆ ಕಟ್ಟಡದಲ್ಲಿ ಅವಳಿಗೆ ಎಂಟು ವರ್ಷದ ಸೇವೆಯಾಗಿತ್ತು. ಮೊಬೈಲ್ ಜಾಲದ ಮೇಲೆ ತಾವೇ ಮಾತಾಡಿಕೊಳ್ಳುವ ನೀರಿನ ಮೀಟರು, ಬೀದಿದೀಪ, ತಾಗಿಸದೆಯೇ ಬಾಗಿಲು ತೆರೆಯುವ ಕಾರ್ಡು, ಇಂಥ ಎಲ್ಲ ಸಾಧನಗಳೂ ಮಾರುಕಟ್ಟೆಗೆ ಹೋಗುವ ಮೊದಲು ಅಲ್ಲಿಗೆ ಬರುತ್ತಿದ್ದವು. ಹೊರಗಿನ ಯಾವ ಅಲೆಯೂ ನುಸುಳದ ಲೋಹದ ಕೋಣೆ, ಅದರೊಳಗೆ ಒಂದು ಕೃತಕ ಟವರು. ಸಾಧನ ಟವರಿನ ಜೊತೆ ಪ್ರಮಾಣಪತ್ರ ಕೊಡುವ ಮಂಡಳಿಯ ಮಾನಕದ ಪುಸ್ತಕದಲ್ಲಿ ಬರೆದ ಹಾಗೆಯೇ ಮಾತಾಡುತ್ತದೆಯೇ ಎಂದು ನೋಡುವುದು ಜಗದೇವಿಯ ಕೆಲಸ. ಸಾಧನ ಒಳ್ಳೆಯದೋ ಕೆಟ್ಟದ್ದೋ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಪುಸ್ತಕಕ್ಕೆ ತಾಳೆಯಾಯಿತೋ ಇಲ್ಲವೋ, ಅಷ್ಟೇ.

ಆ ವರ್ಷ ಫೆಬ್ರುವರಿಯಲ್ಲಿ ಬಂದದ್ದು ಶಾಖಪಟ್ಟಿ.

ಶಾಖ ಕಾಯ್ದೆ ಜಾರಿಗೆ ಬಂದು ಆಗ ಮೂರು ವರ್ಷ. ನಲವತ್ತೈದು ಡಿಗ್ರಿ ದಾಟಿದ ದಿನ ಬಯಲಿನಲ್ಲಿ ಯಾರನ್ನೂ ದುಡಿಸಬಾರದೆಂದು ಅದರಲ್ಲಿತ್ತು. ಮಾರ್ಚ್ ಮುಗಿಯುವ ಮೊದಲೇ ಬಿಸಿಲು ಆ ಗೆರೆ ದಾಟುತ್ತಿದ್ದುದರಿಂದ ಆ ಸೀಮೆಯ ಹಾಸುಗಲ್ಲಿನ ಖಣಿಗಳೂ ಆ ಕಲ್ಲಿಗೆ ಪಾಲಿಶ್ ಹಾಕುವ ಅಂಗಳಗಳೂ ವರ್ಷಕ್ಕೆ ನಾಲ್ಕು ತಿಂಗಳು ಬೀಗ ಹಾಕಿಕೊಂಡವು. ಕೆಲಸಗಾರರೂ ಮಾಲೀಕರೂ ಒಂದಾಗಿ ಸರ್ಕಾರದ ಬೆನ್ನು ಬಿದ್ದರು. ಕೊನೆಗೆ ಒಂದು ತಿದ್ದುಪಡಿ ಬಂತು: ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದ ಪಟ್ಟಿಯನ್ನು ಕೈಗೆ ಕಟ್ಟಿಕೊಂಡವರು ಐವತ್ತು ಡಿಗ್ರಿಯವರೆಗೂ ದುಡಿಯಬಹುದು.

ಪಟ್ಟಿಯನ್ನು ಗೇಟಿನ ಹತ್ತಿರ ತಂದರೆ ಗೇಟು ತೆರೆಯುತ್ತದೆ. ಒಳಗೆ ಹೋದ ಮೇಲೆ ಅದು ಮೈಯ ಶಾಖ ಅಳೆಯುತ್ತಿರುತ್ತದೆ. ಶಾಖ ಅಪಾಯದ ಗೆರೆ ದಾಟಿದ ಕೂಡಲೇ ಮೊಬೈಲ್ ಟವರಿನ ಮೂಲಕ ನಿಯಂತ್ರಣ ಕೇಂದ್ರಕ್ಕೆ ಕೂಗು ಕಳಿಸುತ್ತದೆ. ಕೇಂದ್ರದಿಂದ ಉತ್ತರ ಬಂದಾಗ ಪಟ್ಟಿಯ ಹಸಿರು ದೀಪ ಕೆಂಪಾಗುತ್ತದೆ. ಆಗ ಕೆಲಸಗಾರ ನೆರಳಿಗೆ ಹೋಗಿ ಕೂರಬಹುದು. ಹತ್ತಿರದ ತಂಪುಗಾಡಿ ಮಂಜಿನ ಹೊದಿಕೆ ಹೊತ್ತು ಬರುತ್ತದೆ. ಉತ್ತರ ಬರುವ ಮುನ್ನ ಕೆಂಪು ಹತ್ತಬಾರದೆಂದು ಮಾನಕದಲ್ಲೇ ಬರೆದಿತ್ತು. ಸುಮ್ಮಸುಮ್ಮನೆ ಕೆಂಪು ತೋರಿಸಿ ಜನ ಕೂತುಬಿಟ್ಟಾರೆಂದು ಅಂಗಳದ ಮಾಲೀಕರು ಹಟ ಹಿಡಿದು ಬರೆಯಿಸಿದ ಸಾಲು ಅದು.

ಪರೀಕ್ಷೆಗಳಲ್ಲಿ ಒಂದು ಹೀಗಿತ್ತು. ಟವರಿನ ಮೇಲೆ ಸಾಧನಗಳ ನೂಕುನುಗ್ಗಲಾದಾಗ ಟವರು, ‘ಈಗ ಆಗುವುದಿಲ್ಲ, ಇಪ್ಪತ್ತು ನಿಮಿಷ ಬಿಟ್ಟು ಬಾ’ ಎನ್ನುತ್ತದೆ. ನೀರಿನ ಮೀಟರಿನಂಥವು ತಲೆಯಾಡಿಸಿ ಮಲಗುತ್ತವೆ. ಆದರೆ ಜೀವಾಪಾಯದ ಕೂಗಿರುವ ಪಟ್ಟಿ ಆ ಮಾತನ್ನು ಮೀರಿ ಕೂಗಲೇಬೇಕು. ಜಗದೇವಿ ಪಟ್ಟಿಯನ್ನು ಜೆಲ್ಲಿಯ ಕೈಗೆ ಕಟ್ಟಿ ಜ್ವರ ಏರಿಸಿದಳು, ಟವರಿನಿಂದ ‘ಆಮೇಲೆ ಬಾ’ ಎನ್ನಿಸಿದಳು. ಪಟ್ಟಿ ಮೀರಿ ಕೂಗಿತು. ಪುಸ್ತಕ ಹೇಳುವಂತೆ ಹತ್ತು ಸುತ್ತು. ಹತ್ತರಲ್ಲೂ ತೇರ್ಗಡೆ.

ಯಂತ್ರ ನಿಲ್ಲಿಸುವುದನ್ನು ಮರೆತು ಅವಳು ಊಟಕ್ಕೆ ಹೋದಳು. ತಿರುಗಿ ಬಂದಾಗ ಪರದೆಯ ಮೇಲೆ ಮೂವತ್ತೇಳನೆಯ ಸುತ್ತು ವಿಫಲವೆಂದು ಬರೆದಿತ್ತು.

ಉಳಿದ ಕೆಲಸ ಹಾಗೇ ಬಿಟ್ಟು ಎರಡು ದಿನ ಅದರ ಹಿಂದೆ ಬಿದ್ದಳು. ನಾನೂರು ಸುತ್ತು ಓಡಿಸಿದಳು. ಒಂಬತ್ತು ವಿಫಲ. ಕಾರಣವೂ ಸಿಕ್ಕಿತು. ಟವರಿನ ‘ಆಮೇಲೆ ಬಾ’ ಮತ್ತು ಮೈಯ ಅಪಾಯದ ಶಾಖ ಎರಡೂ ಒಂದೇ ಸೆಕೆಂಡಿನೊಳಗೆ ಬಂದರೆ ಪಟ್ಟಿ ಮೊದಲು ಮಲಗುತ್ತಿತ್ತು. ಮಲಗುವಾಗ ಕೂಗಬೇಕೆಂಬುದನ್ನೇ ಮರೆಯುತ್ತಿತ್ತು. ಇಪ್ಪತ್ತು ನಿಮಿಷ ಅದು ಹಸಿರಾಗಿಯೇ ಇರುತ್ತಿತ್ತು. ಸಾಧಾರಣ ದಿನದಲ್ಲಿ ಇದು ಅಪರೂಪ. ಆದರೆ ಟವರು ಕಿಕ್ಕಿರಿದ ದಿನ, ಸೆಕೆಂಡು ಸೆಕೆಂಡಿಗೂ ‘ಆಮೇಲೆ, ಆಮೇಲೆ’ ಎನ್ನುತ್ತಿರುವಾಗ? ಅವಳು ಕೃತಕ ಟವರನ್ನು ಹಾಗೆ ಹೊಂದಿಸಿ ನೋಡಿದಳು. ಹತ್ತರಲ್ಲಿ ಏಳು ಸಲ ಪಟ್ಟಿ ಮಲಗಿತು.

ಪ್ರಯೋಗಾಲಯದ ಮುಖ್ಯಸ್ಥ ಪ್ರಾಣೇಶ ಮಳಖೇಡಕರ ಸಭ್ಯ ಮನುಷ್ಯ. ಅವಳ ಹಾಳೆಗಳನ್ನು ಎರಡು ಸಲ ಓದಿದ.

“ಮಾನಕದಾಗ ಎಷ್ಟು ಸುತ್ತು ಅದ?”

“ಹತ್ತು, ಸರ್.”

“ಹತ್ತರಾಗ ಎಷ್ಟು ಪಾಸು?”

“ಹತ್ತೂ ಪಾಸು. ಆದ್ರ ಸರ್, ಟವರ್ ತುಂಬಿದಾಗ ಇದು ಸತ್ತಂಗ ಮಲಗತದ. ಅಂಥಾ ದಿನಾನೇ ಇದು ಬೇಕಾಗೋದು.”

“ತುಂಬಿದ ಟವರಿನ ಪರೀಕ್ಷಾ ಪುಸ್ತಕದಾಗ ಇಲ್ಲಮ್ಮ. ಇಲ್ಲದ ಪರೀಕ್ಷಾ ಮಾಡಿ ನಾವು ಫೇಲ್ ಅಂದ್ರ ನಾಳೆ ಕಂಪನಿಯವರು ನಮ್ಮ ಮಾನ್ಯತಾನೇ ಕಿತ್ತಸ್ತಾರ. ಷರಾ ಅಂಕಣದಾಗ ಬರಿ. ನಾ ಬ್ಯಾಡ ಅನ್ನಂಗಿಲ್ಲ.”

ಅವಳು ಷರಾ ಬರೆದಳು. ಮೂರನೆಯ ದಿನ ವರದಿ ತಿರುಗಿ ಬಂತು. ಷರಾ ಇರುವ ವರದಿಯನ್ನು ಮಂಡಳಿ ಮತ್ತೊಂದು ಸಮಿತಿಗೆ ಕಳಿಸುತ್ತದೆ, ಸಮಿತಿ ಕೂಡುವುದು ಜೂನ್ ತಿಂಗಳಲ್ಲಿ, ಅಷ್ಟರಲ್ಲಿ ಬೇಸಿಗೆಯೇ ಮುಗಿದಿರುತ್ತದೆ ಎಂದು ಪಟ್ಟಿಯ ಕಂಪನಿ ಬರೆದಿತ್ತು. ಮಳಖೇಡಕರ ಅವಳನ್ನು ಮತ್ತೆ ಕರೆದ.

“ಇದು ತಡ ಆದ್ರ ಅಂಗಳ ಮುಚ್ತಾವ. ಈ ಜಿಲ್ಲಾದಾಗ ಎಷ್ಟು ಮಂದಿ ಮನ್ಯಾಗ ಕೂಡ್ತಾರ, ನಿನಗ ಗೊತ್ತದ. ನಿಮ್ಮ ಮನ್ಯಾಗೂ ಒಬ್ಬಾಕಿ ಇದ್ದಾಳಲ್ಲ?” ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ನಿಜಕ್ಕೂ ಕೇಳುತ್ತಿದ್ದ. “ನಾ ಒತ್ತಾಯ ಮಾಡಂಗಿಲ್ಲ. ಸಹಿ ನಿಂದು.”

ಮನೆಯಲ್ಲಿದ್ದವಳು ಕಸ್ತೂರಬಾಯಿ, ಜಗದೇವಿಯ ಗಂಡ ಸಾಯಬಣ್ಣನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೂ ಅವಳು ಇವರ ಜೊತೆಗೇ ಉಳಿದಿದ್ದಳು. ಊರು ಕಾಗಿಣಾ ದಂಡೆಯ ತೊಗರಹಳ್ಳಿ. ಅಲ್ಲಿನ ಪಾಲಿಶ್ ಅಂಗಳದಲ್ಲಿ ಕಲ್ಲು ಹೊರಳಿಸುವ ಕೆಲಸ ಅವಳದು. ಜಗದೇವಿಯ ಐದು ವರ್ಷದ ಮಗಳು ಪಾರುವಿಗೆ ನಡೆಯಲು, ಉಣ್ಣಲು, ಜಗಳವಾಡಲು ಕಲಿಸಿದವಳು ಅವಳೇ. ಅಂಗಳ ಮುಚ್ಚಿದ್ದ ನಾಲ್ಕು ತಿಂಗಳು ಅವಳು ಗೋಡೆಗೆ ಒರಗಿ ಕೂತು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದುದನ್ನು ಜಗದೇವಿ ಕಂಡಿದ್ದಳು.

ಆ ಸಂಜೆ ಮನೆಗೆ ಬಂದಾಗ ಕಸ್ತೂರಬಾಯಿ ಪಾರುವಿನ ತಲೆ ಬಾಚುತ್ತಿದ್ದಳು.

“ಪಟ್ಟಿ ಯಾವಾಗ ಬರ್ತಾವ ಜಗೂ? ಅಂಗಳದಾಗ ಎಲ್ಲಾರೂ ನನಗೇ ಕೇಳ್ಲಾಕತ್ಯಾರ, ನಿಮ್ಮ ನೆಗೆಣ್ಣಿ ಅಲ್ಲೇ ಇದ್ದಾಳಲ್ಲ ಅಂತ.”

“ಬರ್ತಾವ ಅಕ್ಕ. ಆದ್ರ ಅದನ್ನ ಪೂರಾ ನಂಬಬ್ಯಾಡ. ತಲಿ ತಿರುಗಿದ್ರ ಪಟ್ಟಿ ನೋಡಬ್ಯಾಡ, ಕುಂತುಬಿಡು.”

ಕಸ್ತೂರಬಾಯಿ ನಕ್ಕಳು. “ಹಸಿರಿದ್ದಾಗ ಕುಂತ್ರ ಕೆಲಸ ಮಾಡಿಸೋ ಮುಕಾದಮ ಸುಮ್ಕಿರ್ತಾನೇನ? ನಾಟಕ ಮಾಡ್ಲಾಕತ್ತೀ ಅಂತಾನ. ಮರುದಿನ ಗೇಟೇ ತೆರಿಯಂಗಿಲ್ಲ. ಯಾಕ, ಏನರ ಖೋಟ ಅದ ಏನ ಅದ್ರಾಗ?”

ಪರೀಕ್ಷೆಯ ವಿಷಯ ಹೊರಗೆ ಹೇಳುವುದಿಲ್ಲವೆಂದು ಜಗದೇವಿ ಬರೆದುಕೊಟ್ಟಿದ್ದಳು. ಅದೊಂದೇ ಕಾರಣವಲ್ಲ. ಬಾಚಣಿಗೆ ಹಿಡಿದ ಆ ಕೈ ಮತ್ತೆ ಗೋಡೆಯ ಬುಡಕ್ಕೆ ಹೋಗುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ.

“ಇಲ್ಲ,” ಎಂದಳು.

ಮರುದಿನ ಷರಾ ತೆಗೆದ ವರದಿಗೆ ಸಹಿ ಹಾಕಿದಳು. ನಾನೂರು ಸುತ್ತಿನ ದಾಖಲೆಯನ್ನು ಮಾತ್ರ ಅಳಿಸಲಿಲ್ಲ.

ಮಾರ್ಚ್, ಏಪ್ರಿಲ್ ತಿಂಗಳು ಪಟ್ಟಿ ಚೆನ್ನಾಗಿಯೇ ನಡೆಯಿತು. ಜನ ಅದನ್ನು ಬಳೆಯ ಮೇಲೆ, ದಾರದ ಮೇಲೆ ಕಟ್ಟಿಕೊಂಡರು. ಅಂಗಳದ ಹೆಂಗಸರು ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಒಮ್ಮೆ ಒಬ್ಬಳ ಪಟ್ಟಿ ಕೆಂಪಾಗಿ, ತಂಪುಗಾಡಿ ಏಳು ನಿಮಿಷದಲ್ಲಿ ಬಂದು ಅವಳನ್ನು ಉಳಿಸಿತು. ಆ ಗಾಡಿ ಓಡಿಸಿದವನು ಸಾಯಬಣ್ಣನೇ. ಪಟ್ಟಿಗಳ ಜೊತೆಗೇ ಹುಟ್ಟಿದ ಕೆಲಸ ಅದು. ಹೆಂಡತಿಯ ಪರೀಕ್ಷೆ, ಗಂಡನ ಗಾಡಿ ಎಂದು ಓಣಿಯಲ್ಲಿ ಹೊಗಳುತ್ತಿದ್ದರು. ಜಗದೇವಿ ಕೂಡ ತನ್ನ ಲೆಕ್ಕ ತಪ್ಪಿರಬಹುದೆಂದು ನಂಬತೊಡಗಿದಳು.

ಮೇ ತಿಂಗಳ ಇಪ್ಪತ್ತೊಂದನೆಯ ತಾರೀಖು ನಲವತ್ತೊಂಬತ್ತೂವರೆ ಡಿಗ್ರಿ. ಮಧ್ಯಾಹ್ನ ಒಂದಕ್ಕೆ ತೊಗರಹಳ್ಳಿಯ ಕಡೆಯ ವಿದ್ಯುತ್ ಹೋಯಿತು. ಊರಿನ ಟವರು ಅರ್ಧ ತಾಸು ಬ್ಯಾಟರಿಯ ಮೇಲೆ ಉಸಿರಾಡಿ ನಿಂತಿತು. ಅದರ ಭಾರವೆಲ್ಲ ನದಿಯಾಚೆಯ ಒಂದೇ ಟವರಿನ ಮೇಲೆ ಬಿತ್ತು. ಸುತ್ತಣ ಮೀಟರುಗಳು, ಪಂಪುಗಳು, ಸಾವಿರಾರು ಪಟ್ಟಿಗಳು ಒಟ್ಟಿಗೇ ಅದರ ಬಾಗಿಲು ಬಡಿದವು. ಟವರು ತನಗೆ ಗೊತ್ತಿದ್ದ ಒಂದೇ ಉತ್ತರ ಕೊಟ್ಟಿತು, ಮಲಗಿ ಎದ್ದವುಗಳಿಗೂ ಮತ್ತೆ ಅದನ್ನೇ ಕೊಟ್ಟಿತು: ‘ಆಮೇಲೆ ಬಾ.’

ಸಾಯಬಣ್ಣನ ಗಾಡಿ ಹೆದ್ದಾರಿಯ ಬೇವಿನ ಮರದ ಕೆಳಗೆ, ಅಂಗಳದಿಂದ ಎರಡು ಕಿಲೋಮೀಟರ್ ದೂರದಲ್ಲಿ ನಿಂತಿತ್ತು. ಎದುರಿನ ಪರದೆಯ ಮೇಲೆ ಅಂಗಳದ ಕೆಲಸಗಾರರೆಲ್ಲ ಹಸಿರು ಚುಕ್ಕಿಗಳು. ಬಹಳ ಹೊತ್ತು ಯಾವ ಚುಕ್ಕಿಯೂ ಬಣ್ಣ ಬದಲಿಸದಿದ್ದಾಗ ಅವನಿಗೆ ಏನೋ ಕಸಿವಿಸಿ. ಕಸ್ತೂರಬಾಯಿಗೆ ಫೋನು ಹಚ್ಚಿದ, ಹತ್ತಲಿಲ್ಲ. ಕರೆಯಿಲ್ಲದೆ ಜಾಗ ಬಿಟ್ಟು ಹೋಗುವಂತಿರಲಿಲ್ಲ. ಬೇರೆ ಕಡೆಯ ಕರೆ ಬಂದರೆ ಏನು ಗತಿ? ಅವನು ಗಾಡಿ ಇಳಿದು ಒಮ್ಮೆ ರಸ್ತೆ ನೋಡಿದ. ಮತ್ತೆ ಹತ್ತಿ ಕೂತ. ಹಿಂದೆ ಪೆಟ್ಟಿಗೆಯಲ್ಲಿ ಆರು ಮಂಜಿನ ಹೊದಿಕೆಗಳು ತಣ್ಣಗಿದ್ದವು.

ಎರಡೂ ಇಪ್ಪತ್ತಕ್ಕೆ ಕಲ್ಲಿನ ಲಾರಿಯೊಂದು ಎದುರಿಗೆ ಬಂದು ನಿಂತಿತು. ಡ್ರೈವರು ಕಿಟಕಿಯಿಂದಲೇ ಕೂಗಿದ: “ಏ, ಇಲ್ಲಿ ಗಾಡಿ ನಿಲ್ಸಿ ಕುಂತೀಯಲ್ಲೋ! ಅಲ್ಲಿ ಹೆಣ್ಮಕ್ಕಳು ಬಿದ್ದಾರ, ಲಗೂ ಹೋಗು!”

ಅಂಗಳದಲ್ಲಿ ಹದಿನೇಳು ಜನ ಬಿದ್ದಿದ್ದರು. ಮೊದಲು ಬಿದ್ದವಳ ಹತ್ತಿರ ಮುಕಾದಮ ಹೋಗಿ ಅವಳ ಪಟ್ಟಿ ನೋಡಿ, ಹಸಿರಿದೆ, ಸೋಗು ಎಂದು ತಿರುಗಿ ಹೋಗಿದ್ದ. ಕಸ್ತೂರಬಾಯಿ ಕೇಳಲಿಲ್ಲ. ಪಾಲಿಶ್ ಯಂತ್ರದ ಕೆಸರುನೀರನ್ನು ಬಕೆಟ್ಟಿನಲ್ಲಿ ತಂದು ಬಿದ್ದವರ ಮೇಲೆ ಸುರಿದಳು. ಹೀಗೆ ಓಡಾಡುತ್ತಲೇ ತಾನೂ ಬಿದ್ದಳು. ಅವಳ ಪಕ್ಕದಲ್ಲಿ ಅವಳ ಜೋಡಿಯ ಕೆಲಸಗಾರ್ತಿ ಮಾಳಮ್ಮ ಬಿದ್ದಿದ್ದಳು. ಇಬ್ಬರ ಮಣಿಕಟ್ಟಿನಲ್ಲೂ ಹಸಿರು ದೀಪ.

ಆರು ಹೊದಿಕೆ, ಹದಿನೇಳು ಮೈ. ಸಾಯಬಣ್ಣ ಪೆಟ್ಟಿಗೆ ತೆರೆದು ಮೊದಲ ಹೊದಿಕೆಯನ್ನು ತನ್ನ ಅತ್ತಿಗೆಗೆ ಸುತ್ತಿದ. ಉಳಿದ ಐದನ್ನು ಕೈಗೆ ಸಿಕ್ಕವರಿಗೆ ಸುತ್ತಿದ. ಮಾಳಮ್ಮನ ಸರದಿ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ.

ಎರಡೂ ಮುಕ್ಕಾಲಿಗೆ, ಟವರಿನ ಮೇಲಿನ ನೂಕುನುಗ್ಗಲು ಇಳಿದಾಗ, ಬಿದ್ದವರ ಕೈಗಳ ಮೇಲೆ ಒಂದೊಂದೇ ಪಟ್ಟಿ ನಿದ್ದೆಯಿಂದೆದ್ದು ಕೆಂಪಾಗತೊಡಗಿತು. ಆ ಹೊತ್ತಿಗೆ ಮಾಳಮ್ಮನೂ ಸೇರಿ ಒಂಬತ್ತು ಜನ ತೀರಿಹೋಗಿದ್ದರು.

ವಿಚಾರಣೆಯ ಅಧಿಕಾರಿ ನಸೀಮಾ ಮುಲ್ಲಾ ಪ್ರಯೋಗಾಲಯಕ್ಕೆ ಬಂದದ್ದು ಹನ್ನೆರಡು ದಿನಗಳ ಮೇಲೆ. ನಡುವಯಸ್ಸಿನ, ಮಿತ ಮಾತಿನ ಹೆಂಗಸು. ವರದಿಯ ಪುಟಗಳನ್ನು ತಿರುವಿದಳು. ಎಲ್ಲವೂ ಸರಿಯಾಗಿತ್ತು. ಹತ್ತು ಸುತ್ತು, ಹತ್ತು ತೇರ್ಗಡೆ.

“ನಮ್ಮ ಕಡೆಯಿಂದ ಮಾನಕದ ಒಂದಕ್ಷರವೂ ತಪ್ಪಿಲ್ಲ, ಮೇಡಂ,” ಎಂದ ಮಳಖೇಡಕರ. ಅದು ಸುಳ್ಳಾಗಿರಲಿಲ್ಲ.

ಅಧಿಕಾರಿ ಫೈಲು ಮುಚ್ಚಿ ಎದ್ದಳು. ಆಗ ಜಗದೇವಿ, “ಇನ್ನೊಂದು ದಾಖಲೆ ಅದರಿ,” ಎಂದಳು.

ನಸೀಮಾ ಮುಲ್ಲಾ ಮತ್ತೆ ಕೂತು ನಾನೂರು ಸುತ್ತಿನ ಹಾಳೆಗಳನ್ನು ಓದಿದಳು. ಓದಲು ಬಹಳ ಹೊತ್ತು ಬೇಕಾಯಿತು.

“ಇದು ಫೆಬ್ರುವರಿಯದು.”

“ಹೌದ್ರಿ.”

“ಆ ವರದಿ ಮ್ಯಾಲಿನ ಸಹಿ?”

“ನಂದೇ.”

“ಇದನ್ನ ನನಗ ಕೊಟ್ರ ನಿಮಗೇನಾಗತದ, ಗೊತ್ತದಲ್ಲ?”

“ಗೊತ್ತದರಿ.”

ಅಧಿಕಾರಿ ಹೋದ ಮೇಲೆ ಮಳಖೇಡಕರ ಕಿಟಕಿಯ ಹತ್ತಿರ ನಿಂತು ಹೇಳಿದ: “ಅಳಿಸು ಅಂತ ನಾ ನಿನಗ ಒಮ್ಮಿ ಸುದ್ದಾ ಹೇಳಲಿಲ್ಲ, ಜಗದೇವಿ. ಅದಷ್ಟು ನೆನಪಿಡು.” ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತೇನೋ.

ದಾಖಲೆ ಹೊರಬಿದ್ದ ಮೇಲೆ ಎಲ್ಲರಿಗೂ ದಾರಿ ಸಿಕ್ಕಿತು. ಷರಾವನ್ನು ಪ್ರಯೋಗಾಲಯವೇ ಹಿಂತೆಗೆದುಕೊಂಡಿತು, ಹಾಗಾಗಿ ದೋಷವಿಲ್ಲವೆಂದೇ ನಂಬಿದೆವು ಎಂದಿತು ಕಂಪನಿ. ಪರೀಕ್ಷಕಿ ವೈಯಕ್ತಿಕವಾಗಿ ಮುಚ್ಚಿಟ್ಟಳು ಎಂದಿತು ಪ್ರಯೋಗಾಲಯ. ಮಂಡಳಿ ಮಾನಕವನ್ನು ತಿದ್ದಿ ಹತ್ತು ಸುತ್ತನ್ನು ನೂರು ಮಾಡಿತು. ಪಟ್ಟಿಯ ತಂತ್ರಾಂಶ ಸರಿಪಡಿಸಿ ಜುಲೈಯಲ್ಲಿ ಮತ್ತೆ ಬಿಟ್ಟರು. ಉತ್ತರ ಬರುವವರೆಗೆ ಕೆಂಪು ಹತ್ತಬಾರದೆಂಬ ಸಾಲು ಹಾಗೇ ಉಳಿಯಿತು. ಜಗದೇವಿಯ ಕೆಲಸ ಹೋಯಿತು, ಅವಳ ಮೇಲೆ ಮೊಕದ್ದಮೆ ದಾಖಲಾಯಿತು, ಜಾಮೀನು ಸಿಕ್ಕಿತು.

ಕಸ್ತೂರಬಾಯಿ ಬದುಕಿದಳು. ನಡಿಗೆಯನ್ನೂ ಮಾತನ್ನೂ ಹಿಡಿತದಲ್ಲಿಡುವ ಮಿದುಳಿನ ಹಿಂಭಾಗ ಶಾಖಕ್ಕೆ ಬೆಂದಿದೆ, ಅದು ಮರಳಿ ಬೆಳೆಯುವುದಿಲ್ಲ ಎಂದರು ವೈದ್ಯರು. ನಿಂತರೆ ಹಡಗಿನಲ್ಲಿ ನಿಂತವಳಂತೆ ತೂಗುತ್ತಿದ್ದಳು. ಲೋಟ ಬಾಯಿಗೆ ಒಯ್ದರೆ ಗಲ್ಲಕ್ಕೆ ತಾಗುತ್ತಿತ್ತು. ಮಾತು ತುಂಡು ತುಂಡಾಗಿ, ಎಳೆದೆಳೆದು ಬರುತ್ತಿತ್ತು. ಪಾರು ಮೊದಮೊದಲು ಅವಳ ಮಾತಿಗೆ ನಕ್ಕಳು, ಆಮೇಲೆ ಹತ್ತಿರ ಹೋಗುವುದನ್ನೇ ಬಿಟ್ಟಳು.

ಜಗದೇವಿ ಅವಳಿಗೆ ಹೇಳಿದ್ದು ಆಸ್ಪತ್ರೆಯಿಂದ ಕರೆತಂದ ವಾರದ ಮೇಲೆ, ಒಂದು ಬೆಳಿಗ್ಗೆ, ಅನ್ನ ತಿನ್ನಿಸುತ್ತಾ. ಓಣಿಯಿಂದಾಗಲೇ ಕಿವಿಗೆ ಬಿದ್ದಿರಬೇಕು. ಆದರೂ ಮೊದಲಿನಿಂದ ಎಲ್ಲ ಹೇಳಿದಳು. ಮೂವತ್ತೇಳನೆಯ ಸುತ್ತು, ಷರಾ, ಸಹಿ, ‘ಖೋಟ ಅದ ಏನ’ ಎಂದು ಕೇಳಿದಾಗ ‘ಇಲ್ಲ’ ಎಂದದ್ದು. ಸಾಯಬಣ್ಣ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ.

ಕಸ್ತೂರಬಾಯಿ ತುತ್ತು ನುಂಗುವುದಕ್ಕೇ ಹೊತ್ತು ತೆಗೆದುಕೊಂಡಳು. ಆಮೇಲೆ ಕೇಳಿದಳು:

“ಮಾ...ಳಿ ಮನಿಗಿ... ಹೋಗಿದ್ದಿ?”

“ಇಲ್ಲ ಅಕ್ಕ. ವಿಚಾರಣೆದಾಗ ಎಲ್ಲಾ ಹೇಳೀನಿ. ಪೇಪರಿನಾಗೂ ಬಂದದ.”

“ಪೇಪರು... ಅವ್ರ್ಯಾರು... ಓದ್ತಾರ?” ಕೈಯಿಂದ ತಟ್ಟೆ ದೂಡಿದಳು, ಅನ್ನ ನೆಲಕ್ಕೆ ಬಿತ್ತು. “ಮನಿಗಿ ಹೋಗಿ... ಹೇಳು. ಒಂಬತ್ತೂ ಮನಿ. ನಾ... ಬರ್ತೀನಿ.”

“ನಿನಗ ನಡಿಲಾಕ ಆಗಂಗಿಲ್ಲ, ವೈನಿ,” ಎಂದ ಸಾಯಬಣ್ಣ.

ಅವಳು ಮೈದುನನ ಕಡೆ ತಿರುಗಿದಳು. “ನೀನೂ... ಬಾ. ನಿಂದೂ... ಅದ, ಹೇಳೋದು.”

ಸಾಯಬಣ್ಣ ತಲೆ ತಗ್ಗಿಸಿದ. ಹೊದಿಕೆಯ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಬಿದ್ದಿದ್ದ ಅವಳ ಕಣ್ಣು ಆಗ ತೆರೆದಿತ್ತೆಂಬುದು ಅವನಿಗೆ ಈಗಷ್ಟೇ ತಿಳಿಯಿತು.

ಮೂವರೂ ಹೊರಟರು. ಕಸ್ತೂರಬಾಯಿ ಒಂದು ಕೈ ಜಗದೇವಿಯ ಹೆಗಲ ಮೇಲೆ, ಇನ್ನೊಂದು ಸಾಯಬಣ್ಣನ ಹೆಗಲ ಮೇಲೆ ಹಾಕಿದ್ದಳು. ಮೂರು ಓಣಿ ದಾಟಲು ಮುಕ್ಕಾಲು ತಾಸು ಬೇಕಾಯಿತು. ಜನ ಕಟ್ಟೆಯ ಮೇಲೆ ಎದ್ದು ನಿಂತು ನೋಡಿದರು. ಯಾರೂ ಕರೆಯಲಿಲ್ಲ.

ಮಾಳಮ್ಮನ ಗಂಡ ಭೀಮಶಾ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಕಸ್ತೂರಬಾಯಿಯನ್ನು ಕಂಡು ಎದ್ದು ಚಾಪೆ ಹಾಸಿದ. ಜಗದೇವಿ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು. ಪ್ರಯೋಗಾಲಯದ ಮಾತು ಅಲ್ಲಿ ಬಾಯಿಗೆ ಬರಲಿಲ್ಲ. ಪಟ್ಟಿ ಕೆಡುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಸರಿ ಇದೆ ಅಂತ ಬರೆದುಕೊಟ್ಟೆ ಎಂದಷ್ಟೇ ಹೇಳಿದಳು. ಅವಳು ಮುಗಿಸಿದ ಮೇಲೆ ಸಾಯಬಣ್ಣ ತನ್ನದನ್ನು ಹೇಳಿದ. ಹೊದಿಕೆ ಆರೇ ಇದ್ದವು, ಮೊದಲು ವೈನಿಗೆ ಹೊಚ್ಚಿದೆ ಎಂದ.

ಭೀಮಶಾ ಕೈಯಲ್ಲಿದ್ದ ಹಗ್ಗ ಬಿಡದೆಯೇ ಕೇಳಿಸಿಕೊಂಡ. ಜಗದೇವಿಯನ್ನು ಕೇಳಿದ:

“ನೀವು ಬರದು ಕೊಡದಿದ್ರ ಪಟ್ಟಿ ಬರ್ತಿದ್ದಿಲ್ಲೇನ್ರಿ?”

“ಈ ವರ್ಷ ಬರ್ತಿದ್ದಿಲ್ಲ.”

“ಅಂಗಳ ಮುಚ್ತಿತ್ತು.”

“ಹೌದು.”

“ಅಂದ್ರ ಆಕಿ ಮನ್ಯಾಗ ಇರ್ತಿದ್ಲು.” ಅವನು ಅದನ್ನು ತನಗೇ ಹೇಳಿಕೊಂಡಂತಿತ್ತು. ಒಳಗಿನ ಕತ್ತಲೆಯತ್ತ ಒಮ್ಮೆ ತಿರುಗಿ ನೋಡಿದ. “ಮುಚ್ಚಿದಾಗೆಲ್ಲ ನಾವಿಬ್ರೂ ಬರೇ ಜಗಳಾಡ್ತಿದ್ವಿ. ಅಂಗಳ ತೆರೀತಂದ್ರ ಸಾಕು ಅಂತಿದ್ದೆ ನಾನೇ.”

ಅವನು ಬಯ್ಯಲಿ ಎಂದು ಜಗದೇವಿ ಕಾದಳು. ಭೀಮಶಾ ಬಾಗಿ ಚಾಪೆ ಸುತ್ತಿಕೊಂಡ. ಒಳಗೆ ಹೋದ. ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಅಗುಳಿ ಹಾಕಿಕೊಂಡ.

ಮೂವರೂ ಬಿಸಿಲಿನಲ್ಲಿ ನಿಂತಿದ್ದರು. ಸಾಯಬಣ್ಣ ಮುಖ ಆಚೆ ತಿರುಗಿಸಿ ಅಳುತ್ತಿದ್ದ. ಜಗದೇವಿ ಕಸ್ತೂರಬಾಯಿಯ ಮುಖ ನೋಡಿ, “ಮನಿಗಿ ಹೋಗೋಣ ಅಕ್ಕ, ನಿನಗ ಸಾಕಾಗ್ಯಾದ,” ಎಂದಳು.

ಕಸ್ತೂರಬಾಯಿ ಅವಳ ಹೆಗಲ ಮೇಲಿನ ಕೈಯನ್ನು ಬಿಗಿ ಮಾಡಿದಳು.

“ಇನ್ನಾ... ಎಂಟು ಅವ,” ಎಂದಳು. ಮೂವರೂ ನಿಧಾನವಾಗಿ ಮುಂದಿನ ಓಣಿಯ ಕಡೆ ತಿರುಗಿದರು.